ವಸಂತವ್ಯಾಯಾಮವೂ ವನಕ್ರೀಡೆಯೂ

ಕನ್ನಡದ ಚಂಪೂಕಾವ್ಯಗಳನ್ನು ಓದಿದವರಿಗೆ ವಸಂತವರ್ಣನೆಯೂ ಅದರ ಬೆನ್ನಿನಲ್ಲಿಯೇ ಬರುವ ವನವಿಹಾರ, ಪುಷ್ಪಾಪಚಯ, ಜಲಕೇಳಿಗಳೂ ಎಷ್ಟು ಪರಿಚಿತವೋ ಅಷ್ಟೇ ಬೇಸರವನ್ನೂ ತರತಕ್ಕವು. ಕಥೆಯು ಚೆನ್ನಾಗಿ ಸಾಗುತ್ತಿರುವಾಗಲೇ ನಾಯಕನು ಪರಿವಾರದೊಡನೆ ಉದ್ಯಾನಕ್ಕೆ ಹೊರಡುವನು. ಮಾವು ಚಿಗುರುವುದು, ಕೋಗಿಲೆ ಕೂಗುವುದು, ನೂರಾರು ಪದ್ಯಗಳು ಕಳೆದ ಮೇಲೆ ಕಥೆಯು ನಿಂತಲ್ಲಿಂದ ಮತ್ತೆ ಹೊರಡುವುದು. ಮಹಾಕಾವ್ಯದಲ್ಲಿ ಋತುವರ್ಣನೆ, ಉದ್ಯಾನಕ್ರೀಡೆ, ಸಲಿಲಕ್ರೀಡೆಗಳು ಇರಬೇಕೆಂದು ದಂಡಿಯು ‘ಕಾವ್ಯಾದರ್ಶ’ದಲ್ಲಿ ವಿಧಿಸಿದ್ದನು, ‘ಕವಿರಾಜಮಾರ್ಗ’ವು ಬಹುಮಟ್ಟಿಗೆ ಆತನನ್ನೇ ಅನುಸರಿಸಿತು, ಅಷ್ಟಾದಶವರ್ಣನೆಗಳು ಕವಿಗಳಿಗೆ ಸಲ್ಲಿಸಲೇಬೇಕಾದ ಕಂದಾಯದಂತಾದವು. ಈ ಕಾರಣದಿಂದ ಚರಿತ್ರೆಯನ್ನು ಬರೆಯುವವರು ಅವುಗಳನ್ನು ಕೇವಲ ಕವಿಸಂಪ್ರದಾಯವೆಂದು ಬದಿಗಿಡುವುದು ವಾಡಿಕೆಯಾಗಿದೆ. ಈ ವಾಡಿಕೆಯು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ. ಲಕ್ಷಣಕಾರನು ವಿಧಿಯನ್ನು ಮಾಡುವುದಕ್ಕೆ ಮೊದಲು ಲೋಕದಲ್ಲಿ ಅಂಥದೊಂದು ನಡೆವಳಿಯಿತ್ತೇ? ವಸಂತವು ಬಂದೊಡನೆ ಮನೆಯಿಂದ ಹೊರಬಿದ್ದು ಬಯಲಿನಲ್ಲಿಯೋ ವನದಲ್ಲಿಯೋ ಮೈಯನ್ನು ದಣಿಸಬೇಕೆಂಬ ನಂಬಿಕೆಯು ಜನರಲ್ಲಿತ್ತೇ? ಇದಕ್ಕೆ ಉತ್ತರವನ್ನು ಕಾವ್ಯಗಳಲ್ಲಿ ಹುಡುಕಿದರೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದಂತಾಗುವುದು. ವೈದ್ಯಗ್ರಂಥಗಳು, ರಾಜನೀತಿಗ್ರಂಥಗಳು, ಪರದೇಶದ ಪ್ರವಾಸಿಗಳ ಬರವಣಿಗೆಗಳು, ಹಳ್ಳಿಗಳ ಹಬ್ಬಗಳು ಇವುಗಳ ಸಾಕ್ಷ್ಯವೇ ಇಲ್ಲಿ ಮುಖ್ಯವಾದುದು.

ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಸಂವತ್ಸರವನ್ನು ಎರಡು ಭಾಗ ಮಾಡುವುದು. ಶಿಶಿರ, ವಸಂತ, ಗ್ರೀಷ್ಮಗಳು ಆದಾನಕಾಲ. ಆಗ ಸೂರ್ಯನೂ ಗಾಳಿಯೂ ಭೂಮಿಯ ಸಾರವನ್ನು ಹೀರುವುದರಿಂದ ಪ್ರಾಣಿಗಳ ಬಲವು ದಿನೇ ದಿನೇ ಕುಂದುವುದು. ಉಳಿದ ಮೂರು ಋತುಗಳು ವಿಸರ್ಗಕಾಲ. ಆಗ ಹೋದ ಬಲವು ಮರಳಿ ಬರುವುದು. ಹೇಮಂತ ಶಿಶಿರಗಳಲ್ಲಿ ಬಲವು ಉತ್ತಮ, ಗ್ರೀಷ್ಮ ವರ್ಷಗಳಲ್ಲಿ ಅಧಮ, ವಸಂತ ಶರತ್ತುಗಳಲ್ಲಿ ಮಧ್ಯಮ. ಈ ಲೆಕ್ಕದಂತೆ ವಸಂತವು ಬಲವು ಇಳಿಮುಖವಾಗಿರುವ ಕಾಲ. ಹಾಗಿದ್ದರೂ ವಸಂತಚರ್ಯೆಯಲ್ಲಿ ವ್ಯಾಯಾಮವನ್ನು ಮಾಡಬೇಕೆಂದು ಅದೇ ಅಧ್ಯಾಯವು ವಿಧಿಸುವುದು. ಮೇಲುನೋಟಕ್ಕೆ ವಿರೋಧವೆಂದು ತೋರುವ ಈ ಮಾತಿಗೆ ಕಾರಣವನ್ನೂ ಅಲ್ಲಿಯೇ ಕೊಟ್ಟಿದೆ. ಚಳಿಗಾಲದಲ್ಲಿ ಮೈಯಲ್ಲಿ ಕೂಡಿಕೊಂಡ ಕಫವು ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಕೆಡಿಸಿ ನಾನಾ ರೋಗಗಳನ್ನು ತರುವುದು. ಆದುದರಿಂದ ವಮನಾದಿ ಶೋಧನಗಳೂ ವ್ಯಾಯಾಮ, ಉದ್ವರ್ತನ, ಧೂಮಪಾನ ಮುಂತಾದವೂ ಅವಶ್ಯಕ. ಗುರುವಾದ, ಜಿಡ್ಡಾದ, ಹುಳಿ ಸಿಹಿಗಳುಳ್ಳ ಆಹಾರವೂ ಹಗಲುನಿದ್ರೆಯೂ ವರ್ಜ್ಯ. ಹೀಗೆ ವಸಂತದ ವ್ಯಾಯಾಮವು ಬಲವು ಹೆಚ್ಚಿ ಉಕ್ಕಿದುದರ ಫಲವಾಗಿರದೆ, ಕುಂದುತ್ತಿರುವ ದೇಹವನ್ನು ಬೇಸಗೆಗೆ ಮುಂಚೆ ಹಗುರಗೊಳಿಸುವ ಉಪಾಯವಾಗಿತ್ತು. ಹಿಮದಿಂದ ಬಿಡುಗಡೆ ಹೊಂದಿ ಬಿಸಿಲಿಗೆ ಓಡುವ ಶೀತದೇಶದವರ ವಸಂತೋಲ್ಲಾಸಕ್ಕೂ ಇದಕ್ಕೂ ಬಹಳ ಅಂತರವುಂಟು. ಇಲ್ಲಿಯವರ ಕಣ್ಣು ಮುಂದೆ ಬರಲಿರುವ ಉರಿಬಿಸಿಲಿನ ಮೇಲಿತ್ತು.

ಬಲವು ಇಳಿಯುವ ಕಾಲದಲ್ಲಿ ಶ್ರಮವನ್ನು ವಿಧಿಸಿದ ಮೇಲೆ ಅದಕ್ಕೊಂದು ಅಳತೆಯನ್ನು ಕೊಡದೆ ವೈದ್ಯನಿಗೆ ಗತ್ಯಂತರವಿಲ್ಲ. ವಾಗ್ಭಟನು ‘ಅಷ್ಟಾಂಗಹೃದಯ’ದಲ್ಲಿ, ಬಲಶಾಲಿಗಳೂ ಸ್ನಿಗ್ಧಾಹಾರವನ್ನು ಉಣ್ಣುವವರೂ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮವನ್ನು ಮಾಡತಕ್ಕುದೆಂದೂ, ಉಳಿದ ಕಾಲಗಳಲ್ಲಿ ಅದಕ್ಕಿಂತಲೂ ಕಡಮೆ ಸಾಕೆಂದೂ ಹೇಳಿರುವನು. ಮಿತಿಮೀರಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುವನಂತೆ. ಸುಶ್ರುತಸಂಹಿತೆಯು ಎಲ್ಲ ಋತುಗಳಲ್ಲಿಯೂ ಪ್ರತಿದಿನವೂ ವ್ಯಾಯಾಮ ಬೇಕೆನ್ನುವುದಾದರೂ ಅಳತೆಯ ವಿಷಯದಲ್ಲಿ ಭೇದವಿಲ್ಲ. ಅರ್ಧಬಲವೆಂದರೆ ಏನೆಂಬುದಕ್ಕೆ ಒಂದು ಲಕ್ಷಣವನ್ನೂ ಅದು ಕೊಡುವುದು. ಹೃದಯಸ್ಥಾನದಲ್ಲಿರುವ ವಾಯುವು ಬಾಯಿಗೆ ಬಂದಾಗ, ಎಂದರೆ ಏದುಸಿರು ತೊಡಗಿ ಬಾಯಿಂದ ಉಸಿರಾಡುವಂತಾದಾಗ, ಅರ್ಧಬಲವು ವ್ಯಯವಾಯಿತೆಂದು ತಿಳಿಯಬೇಕು. ಯಂತ್ರೋಪಕರಣಗಳೊಂದೂ ಇಲ್ಲದ ಕಾಲದಲ್ಲಿ ಯಾವನಾದರೂ ತನ್ನ ಮೈಯಲ್ಲಿಯೇ ನೋಡಿಕೊಳ್ಳಬಹುದಾಗಿದ್ದ ಈ ಗುರುತು ನಿಜವಾಗಿಯೂ ಮೆಚ್ಚತಕ್ಕುದು.

ವಾಗ್ಭಟನ ಋತುಚರ್ಯೆಯಲ್ಲಿ ಇನ್ನೊಂದು ಅಂಶವು ಪ್ರಕೃತಕ್ಕೆ ಬಹಳ ಮುಖ್ಯವಾದುದು. ವ್ಯಾಯಾಮ ಸ್ನಾನ ಭೋಜನಗಳಾದ ಮೇಲೆ ವಸಂತದ ನಡುಹಗಲನ್ನು ಎಲ್ಲಿ ಕಳೆಯಬೇಕೆಂಬುದನ್ನೂ ಆತನು ಹೇಳುವನು: ತೆಂಕಣಗಾಳಿ ಬೀಸುವ, ಸುತ್ತಲೂ ನೀರಿರುವ, ಬಿಸಿಲು ಕಾಣಿಸದ, ಕೋಗಿಲೆಗಳ ದನಿಯೂ ಹೂಮರಗಳ ಕಂಪೂ ತುಂಬಿದ ತೋಪುಗಳಲ್ಲಿ ಗೆಳೆಯರ ಗೋಷ್ಠಿಯೊಡನೆ ಕಳೆಯಬೇಕು. ಕಾವ್ಯಗಳ ವಸಂತೋದ್ಯಾನದಲ್ಲಿರುವ ಸಾಮಗ್ರಿಯೆಲ್ಲವೂ ಇಲ್ಲಿದೆ. ಆದರೆ ಇದು ಬಂದಿರುವುದು ಪಥ್ಯದ ಪ್ರಕರಣದಲ್ಲಿ. ಹಗಲುನಿದ್ರೆಯನ್ನು ಬಿಡಬೇಕಾದವನಿಗೆ ಎಚ್ಚರವಾಗಿರಲು ಒಂದು ತಾಣವೂ ಒಂದು ನೆವವೂ ಬೇಕಲ್ಲವೆ? ವೈದ್ಯನು ಕವಿಯಿಂದ ಎರವು ಪಡೆದನೋ ಕವಿಯು ವೈದ್ಯನಿಂದ ಪಡೆದನೋ ಎಂಬ ತರ್ಕವು ನಿಷ್ಪ್ರಯೋಜಕವಾದುದು. ಇಬ್ಬರ ಮುಂದೆಯೂ ಒಂದೇ ಬಗೆಯ ಶ್ರೀಮಂತ ಜೀವನವಿತ್ತೆಂದು ಊಹಿಸುವುದೇ ಸಮಂಜಸ.

ವಸಂತವೆಂದರೆ ಯಾವ ಮಾಸಗಳೆಂಬ ಪ್ರಶ್ನೆಯೂ ಉಂಟು. ಪಂಚಾಂಗದಂತೆ ಅವು ಚೈತ್ರ ವೈಶಾಖಗಳು. ಸುಶ್ರುತಸಂಹಿತೆಯು ಈ ಗಣನೆಯನ್ನು ಹೇಳಿ, ದೋಷಗಳ ಸಂಚಯ ಪ್ರಕೋಪಗಳ ಸಲುವಾಗಿ ಬೇರೊಂದು ಗಣನೆಯನ್ನೂ ಕೊಟ್ಟಿದೆ. ಅದರಂತೆ ಫಾಲ್ಗುಣ ಚೈತ್ರಗಳು ವಸಂತ, ವೈಶಾಖ ಜ್ಯೇಷ್ಠಗಳು ಗ್ರೀಷ್ಮ. ಕರ್ಣಾಟಕದ ಬಯಲುಸೀಮೆಯಲ್ಲಿ ವೈಶಾಖದ ಬಿಸಿಲನ್ನು ಕಂಡವರು ಈ ಎರಡನೆಯ ಗಣನೆಯೇ ಈ ನಾಡಿಗೆ ಒಪ್ಪುವುದೆಂದು ಹೇಳದಿರಲಾರರು.

ಇನ್ನು ರಾಜನೀತಿಯ ಕಡೆಗೆ ತಿರುಗಿದರೆ, ಇದೇ ವೈದ್ಯವಾದವು ಬೇಟೆಯ ಸಮರ್ಥನೆಗಾಗಿ ಉಪಯೋಗವಾಗಿರುವುದು ಕಂಡುಬರುವುದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ರಾಜರ ವ್ಯಸನಗಳ ತಾರತಮ್ಯದ ಚರ್ಚೆಯಿದೆ. ಬೇಟೆ ಜೂಜುಗಳಲ್ಲಿ ಬೇಟೆಯೇ ಹೆಚ್ಚು ಕೆಟ್ಟದ್ದೆಂಬ ಪೂರ್ವಾಚಾರ್ಯನ ಮತವನ್ನು ಕೌಟಿಲ್ಯನು ಒಪ್ಪುವುದಿಲ್ಲ. ಬೇಟೆಯಲ್ಲಿ ವ್ಯಾಯಾಮವುಂಟು, ಕಫ ಪಿತ್ತ ಮೇದಸ್ಸುಗಳು ಕರಗುವುವು, ನಿಂತ ಮತ್ತು ಓಡುವ ಗುರಿಗಳನ್ನು ಹೊಡೆಯುವ ಅಭ್ಯಾಸವಾಗುವುದು. ಜೂಜಿನಲ್ಲಿ ಇವೊಂದೂ ಇಲ್ಲವೆಂಬುದು ಆತನ ವಾದ. ಆದರೆ ಕೌಟಿಲ್ಯನು ಎಚ್ಚರಿಕೆಯವನು. ಅರಸನ ವಿಹಾರಕ್ಕಾಗಿ ಒಂದೇ ಬಾಗಿಲುಳ್ಳ, ಸುತ್ತಲೂ ಕಂದಕವಿರುವ ಮೃಗವನವನ್ನು ಮಾಡಿಸಬೇಕೆಂದೂ, ಅಲ್ಲಿಯ ಕ್ರೂರಮೃಗಗಳ ಉಗುರು ಕೋರೆಗಳನ್ನು ಮುರಿದಿರಬೇಕೆಂದೂ ಎರಡನೆಯ ಅಧಿಕರಣದಲ್ಲಿ ವಿಧಿಸಿರುವನು. ಅರಸನಿಗೆ ವ್ಯಾಯಾಮವಾಗಬೇಕು, ಅಪಾಯವಾಗಬಾರದು! ಹಲ್ಲಿಲ್ಲದ ಹುಲಿಯನ್ನು ಅಟ್ಟಿದವನಿಗೆ ಎಷ್ಟು ಬೆವರು ಬಂದೀತೆಂಬುದನ್ನು ಅರ್ಥಶಾಸ್ತ್ರವು ಹೇಳುವುದಿಲ್ಲ.

ಕಾಳಿದಾಸನ ‘ಶಾಕುಂತಲ’ದ ಎರಡನೆಯ ಅಂಕದಲ್ಲಿ ಸೇನಾಪತಿಯು ಇದೇ ಬಗೆಯಾಗಿ ಬೇಟೆಯನ್ನು ಹೊಗಳುವನು, ಮೇದಸ್ಸು ಕರಗಿ ಹೊಟ್ಟೆಯಿಳಿದು ಮೈ ಚುರುಕಾಗುವುದೆಂಬುದು ಅವನ ಮಾತಿನ ಸಾರ. ಆದರೆ ಆ ನಾಟಕದ ಪ್ರಸ್ತಾವನೆಯು ಬೇಸಗೆಯದು. ದಂಡಿಯ ‘ದಶಕುಮಾರಚರಿತ’ದ ಎಂಟನೆಯ ಉಚ್ಛ್ವಾಸವು ಇನ್ನೂ ಸ್ವಾರಸ್ಯವಾದುದು. ಅಶ್ಮಕರಾಜನ ಮಂತ್ರಿಯ ಮಗನಾದ ಚಂದ್ರಪಾಲಿತನು ವಿದರ್ಭದ ತರುಣ ದೊರೆಯ ಬಳಿ ಸೇರಿಕೊಂಡು ಬೇಟೆಯ ಗುಣಗಳನ್ನು ಎಣಿಸಿ ಹೇಳುವನು: ಕಾಲುಗಳಿಗೆ ಬಲ ಬರುವುದು, ಕಫವು ಇಳಿದು ಜಠರಾಗ್ನಿಯು ಪ್ರಬಲವಾಗುವುದು, ಬೊಜ್ಜು ಕರಗುವುದು, ಚಳಿ ಬಿಸಿಲು ಗಾಳಿ ಹಸಿವು ನೀರಡಿಕೆಗಳನ್ನು ಸಹಿಸುವ ಶಕ್ತಿಯುಂಟಾಗುವುದು, ಬೆಳೆಯನ್ನು ಮೇಯುವ ಮೃಗಗಳು ಅಳಿಯುವುವು, ಹುಲಿ ತೋಳಗಳ ಭಯವಡಗಿ ದಾರಿಗಳು ನಿಷ್ಕಂಟಕವಾಗುವುವು. ಮಾತೊಂದೂ ಸುಳ್ಳಲ್ಲ, ಚರಕ ಕೌಟಿಲ್ಯರು ತಲೆದೂಗತಕ್ಕ ಮಾತುಗಳೇ. ಆದರೆ ಅವನು ಬಂದಿದ್ದುದು ಆ ರಾಜ್ಯವನ್ನು ಒಳಗಿನಿಂದ ಕೆಡಿಸುವುದಕ್ಕಾಗಿ. ದೊರೆಯು ಬೇಟೆ ಮೊದಲಾದ ವ್ಯಸನಗಳಲ್ಲಿ ಮುಳುಗಿದನು. ಕೊನೆಗೆ ಅಶ್ಮಕನ ಪ್ರೇರಣೆಯಿಂದ ವನವಾಸಿಯ ಭಾನುವರ್ಮನು ದಂಡೆತ್ತಿ ಬಂದನು. ಹಲಸಿಯ ಕದಂಬ ತಾಮ್ರಶಾಸನಗಳಲ್ಲಿ ರವಿವರ್ಮನ ತಮ್ಮನಾದ ಒಬ್ಬ ಭಾನುವರ್ಮನಿದ್ದಾನೆ. ಹೆಸರೊಂದಾದ ಮಾತ್ರಕ್ಕೆ ವ್ಯಕ್ತಿಯೂ ಒಬ್ಬನೇ ಎನ್ನುವುದು ಸಾಹಸವಾದೀತು. ಅದು ಹೇಗೂ ಇರಲಿ, ವ್ಯಾಯಾಮದ ಪ್ರಶಂಸೆಯನ್ನು ಒಂದು ರಾಜ್ಯವನ್ನು ಕೆಡಿಸುವ ಉಪಾಯವಾಗಿ ದಂಡಿಯು ಚಿತ್ರಿಸಬೇಕಾದರೆ, ಆ ಪ್ರಶಂಸೆಯು ಅರಮನೆಗಳಲ್ಲಿ ನಿತ್ಯವೂ ಕೇಳಿಬರುತ್ತಿದ್ದಿರಬೇಕು. ಜನರು ನಂಬದ ಮಾತನ್ನು ಹೇಳಿ ಯಾರನ್ನೂ ಮೋಸಪಡಿಸಲಾಗದು. ‘ಕಾವ್ಯಾದರ್ಶ’ದಲ್ಲಿ ಉದ್ಯಾನಕ್ರೀಡೆಯನ್ನು ವಿಧಿಸಿದವನೂ ಈ ದಂಡಿಯೇ ಎಂಬ ಸಂಪ್ರದಾಯವನ್ನು ಒಪ್ಪುವುದಾದರೆ, ಆತನು ಕ್ರೀಡೆಗಳನ್ನು ಕಣ್ಣುಮುಚ್ಚಿ ವರ್ಣಿಸಿದವನೆಂದು ಹೇಳುವಂತಿಲ್ಲ.

ವನಕ್ರೀಡೆಯ ಹಳಮೆಗೆ ವ್ಯಾಕರಣವೂ ಸಾಕ್ಷಿಯನ್ನು ಹೇಳುವುದು. ಪೂರ್ವದೇಶದವರ ಆಟಗಳ ಹೆಸರುಗಳಲ್ಲಿ ಸ್ವರವು ಹೇಗಿರಬೇಕೆಂದು ಪಾಣಿನಿಯು ಒಂದು ಸೂತ್ರವನ್ನೇ ಮಾಡಿರುವನು. ಕಾಶಿಕಾವೃತ್ತಿಯು ಅದಕ್ಕೆ ಉದ್ದಾಲಕಪುಷ್ಪಭಂಜಿಕಾ, ಶಾಲಭಂಜಿಕಾ ಮೊದಲಾದ ಹೆಸರುಗಳನ್ನು ಉದಾಹರಿಸುವುದು. ಹೂಗೊಂಬೆಗಳನ್ನು ಬಗ್ಗಿಸಿ ಮುರಿಯುವ ಆಟಗಳಿವು. ಶ್ರಾವಸ್ತಿಯಲ್ಲಿ ಜನರು ನೆರೆದು ಸಾಲವೃಕ್ಷದ ಹೂಗಳಿಂದ ಆಡುತ್ತಿದ್ದ ಶಾಲಭಂಜಿಕಾ ಉತ್ಸವವನ್ನು ಬೌದ್ಧರ ‘ಅವದಾನಶತಕ’ವು ಹೇಳುವುದು. ವಾತ್ಸ್ಯಾಯನನ ‘ಕಾಮಸೂತ್ರ’ದಲ್ಲಿ ಸುವಸಂತಕವೆಂಬ ಹಬ್ಬವೂ, ಮಾವಿನ ಕಾಯನ್ನು ಮುರಿಯುವ ಸಹಕಾರಭಂಜಿಕೆಯೂ, ಕದಂಬದ ಹೂಗಳಿಂದ ಹೊಡೆದಾಡುವ ಕದಂಬಯುದ್ಧವೂ ಬರುವುವು. ನಾಗರಕರು ಬೆಳಗ್ಗೆ ಅಲಂಕರಿಸಿಕೊಂಡು ಕುದುರೆಯೇರಿ ಉದ್ಯಾನಕ್ಕೆ ಹೋಗಿ, ಹುಂಜ ಟಗರುಗಳ ಕಾಳಗದಲ್ಲಿಯೂ ಜೂಜಿನಲ್ಲಿಯೂ ಹಗಲನ್ನು ಕಳೆದು, ಸಂಜೆಗೆ ಹೋಗಿಬಂದ ಗುರುತಾಗಿ ಉದ್ಯಾನದ ಹೂ ಚಿಗುರುಗಳನ್ನು ಧರಿಸಿ ಮರಳುತ್ತಿದ್ದರಂತೆ. ಇವರ ಶ್ರಮವು ಕುದುರೆಯ ಸವಾರಿಗೆ ಮುಗಿಯಿತೆಂದು ತೋರುವುದು. ನಿಜವಾಗಿ ಮೈಬಗ್ಗಿಸಿದವರು ಮರದ ಕೊಂಬೆಗಳನ್ನು ಎಳೆದ ಹೆಂಗಸರು. ಆ ಆಟದ ಭಂಗಿಯು ಕಲ್ಲಿನಲ್ಲಿ ಮೂಡಿ, ಆಟವು ಮರೆತುಹೋದ ಮೇಲೆಯೂ ಉಳಿದು, ವಿಷ್ಣುವರ್ಧನನ ಕಾಲದಲ್ಲಿ ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳವರೆಗೆ ಬೆಳೆದುಬಂದಿದೆ. ಆ ಮದನಿಕೆಗಳ ನೆತ್ತಿಯ ಮೇಲಣ ಎಲೆಬಳ್ಳಿಗಳ ಕಮಾನು ಹಿಂದಿನ ಸಾಲವೃಕ್ಷದ ಅವಶೇಷ. ಅವರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೂ ಇರುವುದನ್ನು ನೆನೆಯಬಹುದು.

ಈ ವಿಷಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಗ್ರಂಥವು ಕರ್ಣಾಟಕದ್ದೇ ಆಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು, ಅದರಲ್ಲಿಯೇ ಬರುವ ಜ್ಯೋತಿಷಗಣನೆಯಿಂದ, ಶಕ ೧೦೫೧, ಎಂದರೆ ಕ್ರಿ. ಶ. ೧೧೨೯ರ ಸುಮಾರಿನದೆಂದು ತಿಳಿಯುವುದು. ‘ಅಭಿಲಷಿತಾರ್ಥಚಿಂತಾಮಣಿ’ಯೆಂಬ ಹೆಸರಿನಿಂದ ಇದರ ಮೊದಲ ಭಾಗವನ್ನು ಶಾಮಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಹೊರತಂದರು. ಬರೋಡೆಯ ಗಾಯಕವಾಡ ಮಾಲೆಯಲ್ಲಿ ೧೯೨೫, ೧೯೩೯, ೧೯೬೧ರಲ್ಲಿ ಮೂರು ಸಂಪುಟಗಳು ಬಂದವು. ಕ್ರೀಡೆಗಳ ಪ್ರಕರಣವಿರುವುದು ಕೊನೆಯದರಲ್ಲಿ. ಅದಕ್ಕೆ ಮುಂಚಿನ ವಿಮರ್ಶಕರಲ್ಲಿ ಬಹುಮಂದಿ ವನಕ್ರೀಡೆಯನ್ನು ಕಾವ್ಯಗಳಿಂದಲೇ ಬಲ್ಲವರಾಗಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು.

ಸೋಮೇಶ್ವರನು ನಾಲ್ಕನೆಯ ವಿಂಶತಿಯಲ್ಲಿ ವಿನೋದಗಳನ್ನೂ ಐದನೆಯದರಲ್ಲಿ ಕ್ರೀಡೆಗಳನ್ನೂ ಇಟ್ಟಿರುವನು. ಶಸ್ತ್ರವಿನೋದ, ಗಜವಾಹ್ಯಾಳಿ, ತುರಗವಾಹ್ಯಾಳಿ, ಮಲ್ಲವಿನೋದ, ಮತ್ಸ್ಯವಿನೋದ, ಮೃಗಯಾವಿನೋದ ಮುಂತಾದವು ಮೊದಲಿನ ಗುಂಪು. ಭೂಧರಕ್ರೀಡೆ, ವನಕ್ರೀಡೆ, ಉಯ್ಯಾಲೆಯ ಆಂದೋಳನಕ್ರೀಡೆ, ನೀರೆರಚುವ ಸೇಚನಕ್ರೀಡೆ, ಜಲಕ್ರೀಡೆ, ಹಸುರುಹುಲ್ಲಿನ ಮೇಲಣ ಶಾದ್ವಲಕ್ರೀಡೆ, ಮರಳಿನ ಮೇಲಣ ವಾಲುಕಾಕ್ರೀಡೆ, ಬೆಳುದಿಂಗಳಿನ ಜ್ಯೋತ್ಸ್ನಾಕ್ರೀಡೆ, ಪೈರಿನ ನಡುವಣ ಸಸ್ಯಕ್ರೀಡೆ ಇವು ಎರಡನೆಯ ಗುಂಪಿನ ಆರಂಭದಲ್ಲಿ ಬರುವುವು. ಹೂಗಾಲವಿಲ್ಲದೆ ವನಕ್ರೀಡೆಯಿಲ್ಲ, ಪೈರಿಲ್ಲದೆ ಸಸ್ಯಕ್ರೀಡೆಯಿಲ್ಲ. ಹೀಗೆ ಇವುಗಳಲ್ಲಿ ಹಲವು ಋತುಚಕ್ರವನ್ನೇ ಹಿಡಿದು ನಡೆಯುವುವು. ಆಶ್ಚರ್ಯವೆಂದರೆ, ಮಹಾಕಾವ್ಯಗಳು ಕೇವಲ ಉದ್ಯಾನ ಸಲಿಲಗಳೆರಡಕ್ಕೆ ತೃಪ್ತವಾಗಿರುವಾಗ ಈ ಅರಸನು ಮರಳನ್ನೂ ಹುಲ್ಲನ್ನೂ ಹೊಲವನ್ನೂ ಬಿಟ್ಟಿಲ್ಲ. ಕವಿಸಂಪ್ರದಾಯದಿಂದ ಎತ್ತಿಕೊಂಡ ಪಟ್ಟಿಯಾಗಿದ್ದರೆ ಇವು ಎಲ್ಲಿಂದ ಬಂದವು? ಕಾವ್ಯದ ವರ್ಣನೆಯು ಬಳಕೆಯಲ್ಲಿದ್ದ ವಿಹಾರಗಳಿಂದ ಆರಿಸಿಕೊಂಡ ಒಂದು ಭಾಗವೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣವು ಬೇಡ.

ಆದರೆ ಈ ವಿಂಗಡಣೆಯಲ್ಲಿಯೇ ಒಂದು ಬದಲಾವಣೆಯೂ ಅಡಗಿದೆ. ವೈದ್ಯನು ಒಬ್ಬನೇ ಮನುಷ್ಯನಿಗೆ ಬೆಳಗ್ಗೆ ಶ್ರಮವನ್ನೂ ಮಧ್ಯಾಹ್ನ ತೋಪಿನ ವಿಶ್ರಾಂತಿಯನ್ನೂ ವಿಧಿಸಿದ್ದನು. ಮಾನಸೋಲ್ಲಾಸದಲ್ಲಿ ಶ್ರಮದ ದೊಡ್ಡ ಪಾಲು ಮಲ್ಲರದಾಗಿದೆ. ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳುಗಳ ಬಾಹುಪೇಲ್ಲಣಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಇವೆಲ್ಲವೂ ಅರಮನೆಯ ಅನ್ನದಿಂದ ಸಾಕಿದ ಜಟ್ಟಿಗಳಿಗೆ. ಅವರ ಕಾಳಗವನ್ನು ನೋಡಿ ಆನಂದಿಸುವುದು ಅರಸನಿಗೆ. ಅರಸನು ತಾನೇ ಮೈದಣಿಸುವ ಪ್ರಸಂಗಗಳಲ್ಲಿ ಮುಖ್ಯವಾದುದು ತುರಗವಾಹ್ಯಾಳಿ: ಬಯಲಿನಲ್ಲಿ ತೋರಣಗಳನ್ನು ನಿಲ್ಲಿಸಿ, ಪಕ್ಷಕ್ಕೆ ಎಂಟು ಮಂದಿಯಂತೆ ಸವಾರರು ಎರಡು ಪಕ್ಷಗಳಾಗಿ, ಕೋಲುಗಳಿಂದ ಚೆಂಡನ್ನು ಹೊಡೆದು ಆಡುವ ಆಟ. ಈ ವಾಹ್ಯಾಳಿಯೇ ಕನ್ನಡದ ವೈಯಾಳಿ. ಅರಸರ ಕುದುರೆಗಳು ಹೋದ ಮೇಲೆಯೂ ವೈಷ್ಣವ ದೇವಾಲಯಗಳಲ್ಲಿ ಕುದುರೆವಾಹನದ ಮೇಲೆ ದೇವರನ್ನು ಆಡಿಸುತ್ತ ಒಯ್ಯುವ ಉತ್ಸವಕ್ಕೆ ಆ ಹೆಸರು ಉಳಿದುಕೊಂಡಿದೆ.

ವಿಜಯನಗರದ ಅರಸನು ಈ ವಿಷಯದಲ್ಲಿ ಬೇರೆ ತರದವನು. ಸುಮಾರು ೧೫೨೦ರಲ್ಲಿ ಅಲ್ಲಿಗೆ ಬಂದಿದ್ದ ಪೋರ್ತುಗೀಸನಾದ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿರುವನು. ರಾಬರ್ಟ್ ಸೀವೆಲನು ೧೯೦೦ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಪ್ರಸಿದ್ಧವಾಯಿತು. ರಾಯನು ಪ್ರತಿದಿನವೂ ಬೆಳಗಾಗುವುದಕ್ಕೆ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆಲ್ಲ ಬಳಿದುಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಿಂದ ಎತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೂ ಕತ್ತಿವರಸೆಯನ್ನು ಮಾಡಿ, ಬಳಿಕ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿಯಾಡಿ, ಕುದುರೆಯೇರಿ ನಸುಕು ಹರಿಯುವ ತನಕ ಬಯಲಿನಲ್ಲಿ ಅತ್ತಿತ್ತ ದೌಡಾಯಿಸುತ್ತಿದ್ದನು, ಆಮೇಲೆ ಸ್ನಾನ. ಅಭ್ಯಂಗ, ವ್ಯಾಯಾಮ, ಸ್ನಾನ ಎಂಬ ಕ್ರಮವು ವಾಗ್ಭಟನ ದಿನಚರ್ಯೆಯದೇ. ಸ್ನಿಗ್ಧಾಹಾರವುಳ್ಳ ಬಲಶಾಲಿಯಾಗಿರಬೇಕೆಂಬ ನಿಬಂಧನೆಗೆ ಎಣ್ಣೆ ಕುಡಿದ ರಾಯನು ಒಳಪಟ್ಟವನೇ. ಅರ್ಧಬಲದ ನಿಯಮಕ್ಕೆ ಮಾತ್ರ ಒಳಪಟ್ಟಂತೆ ಕಾಣುವುದಿಲ್ಲ. ಪಾಯೆಸನು ಇದನ್ನು ನಿತ್ಯದ ಅಭ್ಯಾಸವೆಂದು ಹೇಳಿರುವುದರಿಂದ ವಸಂತಕ್ಕೆ ಮಾತ್ರ ಅನ್ವಯಿಸಲಾಗದು. ವಸಂತಕ್ಕೆ ಮೀಸಲಾದುದು ಬೇರೆ ಇತ್ತು. ರಾಯನ ‘ಜಾಂಬವತೀಕಲ್ಯಾಣ’ ನಾಟಕವು ವಿರೂಪಾಕ್ಷದೇವರ ವಸಂತೋತ್ಸವದಲ್ಲಿ ಪ್ರಯೋಗವಾಯಿತು. ಅದಕ್ಕೆ ಒಂದು ಶತಮಾನದ ಹಿಂದೆ ಈ ನಗರವನ್ನು ಕಂಡ ಇಟಲಿಯ ನಿಕೊಲೊ ಕಾಂಟಿಯು, ಹಬ್ಬದ ಮೂರು ದಿನಗಳಲ್ಲಿ ದಾರಿಯ ಬದಿಯಲ್ಲಿ ಇಟ್ಟಿರುತ್ತಿದ್ದ ಕೇಸರಿಯ ನೀರನ್ನು ಹೋಗಿಬರುವವರ ಮೇಲೆಲ್ಲ, ರಾಜರಾಣಿಯರ ಮೇಲೆಯೂ ಎರಚುತ್ತಿದ್ದರೆಂದೂ ಎಲ್ಲರೂ ನಗುತ್ತ ಅದನ್ನು ಸ್ವೀಕರಿಸುತ್ತಿದ್ದರೆಂದೂ ಹೇಳಿದ್ದಾನೆ. ಇದು ವಸಂತದ ಓಕುಳಿಯೇ ಆಗಿರಬೇಕು. ಸೋಮೇಶ್ವರನ ಸೇಚನಕ್ರೀಡೆಯು ಅರಮನೆಯ ಆವರಣದಿಂದ ಹೊರಟು ಬೀದಿಗೆ ಬಂದಂತೆ ಇಲ್ಲಿ ಕಾಣುವುದು. ಬೀದಿಯ ಆಟವನ್ನೇ ಮೊದಲು ಅರಮನೆಯು ಒಳಗೆ ಕರೆದುಕೊಂಡಿತ್ತೆಂದರೂ ತಪ್ಪಾಗಲಾರದು.

ಕುಸ್ತಿಯ ಮಹಾಸಂದರ್ಭವು ವಿಜಯನಗರದಲ್ಲಿಯೂ ಅನಂತರ ಮೈಸೂರಿನಲ್ಲಿಯೂ ಶರತ್ತಿನ ಮಹಾನವಮಿಯಾಗಿತ್ತು. ಚರಕನ ಎಣಿಕೆಯಲ್ಲಿ ವಸಂತದಂತೆಯೇ ಮಧ್ಯಮಬಲದ ಋತು ಶರತ್ತು. ಉತ್ತಮಬಲದ ಹೇಮಂತವು ದೊಡ್ಡ ಕಾಳಗಗಳಿಲ್ಲದೆ ಕಳೆಯುತ್ತಿದ್ದುದಕ್ಕೆ ಕಾರಣವನ್ನು ವೈದ್ಯದಲ್ಲಿ ಹುಡುಕಿ ಫಲವಿಲ್ಲ. ಕೊಯ್ಲು ಒಕ್ಕಣೆಗಳ ಕಾಲದಲ್ಲಿ ಜನರು ನೆರೆಯಲಾರರು. ಇದೇ ಕಾರಣದಿಂದ ರೈತನ ವಸಂತವು ಅರಸನ ವಸಂತದಂತಲ್ಲ. ಹಳಗನ್ನಡದಲ್ಲಿ ಸುಗ್ಗಿಯೆಂದರೆ ವಸಂತವೂ ಹೌದು, ಹೊಸಗನ್ನಡದಲ್ಲಿ ಅದೇ ಮಾತು ಕೊಯ್ಲಿನ ಕಾಲ. ಬೆಳೆ ಮನೆಗೆ ಬಂದು, ಮುಂಗಾರಿನ ಉಳುಮೆಗೆ ಇನ್ನೂ ಕಾಲವಿರುವಾಗ ಬರುವ ಬಿಡುವೇ ಆತನ ವಸಂತ. ಜಾತ್ರೆಗಳು ನೆರೆಯುವುದು ಆಗ. ಉತ್ತರಕರ್ಣಾಟಕದ ಜಾತ್ರೆಗಳಲ್ಲಿ ತರುಣರು ಸಂಗ್ರಾಣಿ ಕಲ್ಲನ್ನು ಎತ್ತಿ ಬಲವನ್ನು ತೋರಿಸುವರು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಯ ಮರುದಿನ, ವರ್ಷತೊಡಕಿನಂದು, ಗಂಡಸರು ಬಲೆ ನಾಯಿಗಳೊಡನೆ ಬೇಟೆಗೆ ಹೊರಡುವ ಪದ್ಧತಿಯಿತ್ತು. ವನ್ಯಜೀವಿ ಸಂರಕ್ಷಣೆಯ ೧೯೭೨ರ ಶಾಸನದಿಂದ ಅದು ನಿಷಿದ್ಧವಾಯಿತು, ಮಾಂಸದೂಟ ಮಾತ್ರ ಉಳಿಯಿತು. ಕೌಟಿಲ್ಯನು ಹೇಳಿದ ಬೇಟೆಯ ಗುಣಗಳನ್ನು ಆ ಹಳ್ಳಿಗರು ಕೇಳಿದವರಲ್ಲ. ಬೇಟೆಯ ದಿನವು ಮಾತ್ರ ಸರಿಯಾಗಿ ಚೈತ್ರದ ಎರಡನೆಯ ದಿನವೇ ಆಗಿತ್ತು.

ಉತ್ತರಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿಕುಣಿತವನ್ನು ಇವೆಲ್ಲಕ್ಕಿಂತ ಹೆಚ್ಚಾಗಿ ಗಮನಿಸತಕ್ಕುದು. ಅಂಕೋಲೆ ಕುಮಟೆಗಳ ಕಡೆ ಫಾಲ್ಗುಣದಲ್ಲಿ, ಹೋಳಿಯ ಹುಣ್ಣಿಮೆಗೆ ಮುಂಚೆ, ಗಂಡಸರು ಬೆಂಡಿನ ಹೂಗಳಿಂದ ಕಟ್ಟಿದ ಎತ್ತರದ ತುರಾಯಿಗಳನ್ನು ತಲೆಗೆ ಧರಿಸಿ, ಗುಮಟೆಯ ಗತಿಗೆ ಕುಣಿಯುತ್ತ, 'ಹೋ' ಎಂದು ಕೂಗುತ್ತ ಊರೂರಿಗೂ ಮನೆಮನೆಗೂ ಹಲವು ದಿನ ಸುತ್ತುವರು. ತಲೆಯ ಮೇಲೆ ಅಷ್ಟು ದೊಡ್ಡ ತುರಾಯಿಯನ್ನು ಹೊತ್ತು, ಅದು ಓಲಾಡದಂತೆ ಅಂಗಳದಿಂದ ಅಂಗಳಕ್ಕೆ ಕುಣಿದು ಹೋಗುವುದಕ್ಕೆ ಬೇಕಾದ ದೇಹಶ್ರಮವು ಸೋಮೇಶ್ವರನ ಮಲ್ಲರ ಭಾರಶ್ರಮ ಭ್ರಮಣಶ್ರಮಗಳಿಗೆ ಕಡಮೆಯಾದುದಲ್ಲ. ನಡೆಯುವ ಮಾಸವೂ ಸುಶ್ರುತನ ಎರಡನೆಯ ಗಣನೆಯ ವಸಂತದೊಳಗಣದು. ಮರದ ಹೂಗಳನ್ನು ಕೊಯ್ಯಲು ವನಕ್ಕೆ ಹೋದವರ ಚಿತ್ರಗಳು ಕಾವ್ಯಗಳಲ್ಲಿ ಉಳಿದಿವೆ. ಇಲ್ಲಿ ಹೂವಿನ ವನವೇ ಒಕ್ಕಲಿಗನ ತಲೆಯೇರಿ ಮನೆಬಾಗಿಲಿಗೆ ಬರುವುದು.